ಮಳೆ ಜಾಸ್ತಿ ಬಂದ ವರ್ಷವೇ ರಾಗಿ ಕೈಕೊಟ್ಟಿದ್ದೇಕೆ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಸರ್. ಎರಡು ಎಕರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿಕೊಂಡೇ ಬೇಸಾಯ. ಜಿಪಿಯು-28 ತಳಿಯ ರಾಗಿ ಹಾಕುತ್ತೇವೆ. ಐದು ವರ್ಷದಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದಿಡುತ್ತಿದ್ದೇನೆ. ಒಂದು ವರ್ಷ ಜೂನ್‌ನಿಂದ ನವೆಂಬರ್‌ವರೆಗೆ 470 ಮಿ.ಮೀ. ಮಳೆ ಬಂತು. ಎರಡು ಎಕರೆಗೆ 19 ಕ್ವಿಂಟಲ್ ರಾಗಿ ಆಯಿತು. ಮರುವರ್ಷ 690 ಮಿ.ಮೀ. ಬಂತು. ಆಗಿದ್ದು ಬರೀ 9 ಕ್ವಿಂಟಲ್. ಬೀಜ ಅದೇ, ಗೊಬ್ಬರ ಅದೇ. ಊರಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಒಂದು ಡಿಗ್ರಿ ಬಿಸಿ ಏರಿದರೆ ಇಳುವರಿ ಹತ್ತು ಪರ್ಸೆಂಟ್ ಬೀಳುತ್ತದೆ ಅಂತ ಟೀವಿಯಲ್ಲಿ ಹೇಳಿದರು. ನಮ್ಮ ರಾಗಿಗೂ ಬಿಸಿಲೇ ಹೊಡೆಯಿತಾ? ಇಲ್ಲಾ ಬೆಂಕಿ ರೋಗ ಬಂದಿತ್ತಾ? ಕೃಷಿ ಹೊಂಡ ತೆಗೆಸಲಾ? ಪುಸ್ತಕದ ಹಾಳೆಗಳ ಫೋಟೋ ಕಳಿಸಿದ್ದೇನೆ. ಮಾಪಕದ ಫೋಟೋನೂ ಇದೆ.

ಉತ್ತರ: ಮೊದಲು ಆ ಪುಸ್ತಕದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಮಳೆ ಬಂದ ದಿನ ಎಲ್ಲರೂ ಬರೆಯುತ್ತಾರೆ. ನೀವು ಬಿತ್ತಿದ ದಿನ, ಯೂರಿಯಾ ಹಾಕಿದ ದಿನ, ತೆನೆ ಹೊರಟ ದಿನ, ಕೊಯ್ದ ದಿನ ಎಲ್ಲಾ ಅದೇ ಹಾಳೆಯಲ್ಲಿ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಾನು ಓದಿ ಹೇಳುತ್ತಿದ್ದೇನೆ, ಅಷ್ಟೇ.

ನೀವು ಹಾಳೆಯ ಕೆಳಗೆ ಕೂಡಿ ಬರೆದ ಮೊತ್ತ ಇದೆಯಲ್ಲ, 470 ಮತ್ತು 690, ಅದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ರಾಗಿಗೆ ಮೊತ್ತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇವತ್ತು ಬೇರಿನ ಹತ್ತಿರ ನೀರಿದೆಯೋ ಇಲ್ಲವೋ ಅನ್ನುವುದು ಮಾತ್ರ.

ಈಗ ಕೈಕೊಟ್ಟ ವರ್ಷದ ಹಾಳೆ ನೋಡೋಣ. ಜುಲೈ 14ಕ್ಕೆ ಪುನರ್ವಸು ಮಳೆಯ ಹದದಲ್ಲಿ ಕೂರಿಗೆ ಹಾಕಿ ಬಿತ್ತಿದ್ದೀರಿ. ಮೊಳಕೆ ಚೆನ್ನಾಗಿ ಬಂತು ಅಂತ ಬರೆದಿದ್ದೀರಿ. ಆಗಸ್ಟ್ 8ಕ್ಕೆ ಯೂರಿಯಾ. ಆಗಸ್ಟ್ 11ರ ರಾತ್ರಿ ಒಂದೇ ಮಳೆ, 104 ಮಿ.ಮೀ. ಆಮೇಲೆ ಸೆಪ್ಟೆಂಬರ್ ಮೊದಲ ವಾರದವರೆಗೂ ಒಳ್ಳೆ ಮಳೆ. ಸೆಪ್ಟೆಂಬರ್ 8ರಿಂದ ಅಕ್ಟೋಬರ್ 2ರವರೆಗೆ ಎರಡು ಸಲ ತುಂತುರು ಬಿಟ್ಟರೆ ಏನೂ ಇಲ್ಲ. ಅಂದರೆ ಉತ್ತರೆ ಮಳೆ ಪೂರ್ತಿ ಹೋಯಿತು. ಮತ್ತೆ ಅಕ್ಟೋಬರ್‌ನಲ್ಲಿ ಬೇಕಾದಷ್ಟು ಮಳೆ. ನವೆಂಬರ್ 4ಕ್ಕೆ ಕೊಯ್ಲು. 6ರಿಂದ 12ರವರೆಗೆ ಜಡಿಮಳೆ, ಕೊಯ್ದ ರಾಗಿ ಹೊಲದಲ್ಲೇ ನೆನೆಯಿತು.

ಜಿಪಿಯು-28 ಬಿತ್ತಿದ 65ರಿಂದ 70 ದಿನಕ್ಕೆ ಹೂ ಕಟ್ಟುತ್ತದೆ. ಜುಲೈ 14ರಿಂದ ಎಣಿಸಿ. ಸೆಪ್ಟೆಂಬರ್ 17ರಿಂದ 22 ಆಗುತ್ತದೆ. ನೀವೂ ಸೆಪ್ಟೆಂಬರ್ 16ಕ್ಕೆ "ತೆನೆ ಹೊರಡ್ತಾ ಇದೆ" ಅಂತ ಬರೆದಿದ್ದೀರಿ. ಮಳೆಯಿಲ್ಲದ ಆ 24 ದಿನದ ಬಿಡುವು ಸರಿಯಾಗಿ ಅದರ ಎರಡೂ ಕಡೆ ಕೂತಿದೆ.

ಚೆನ್ನಾಗಿ ಬೆಳೆದ ವರ್ಷದ ಹಾಳೆಯಲ್ಲೂ ಬಿಡುವುಗಳಿವೆ. ಆದರೆ ಅತಿ ಉದ್ದದ್ದು 11 ದಿನ. ಅದೂ ಆಗಸ್ಟ್‌ನಲ್ಲಿ, ಪೈರಿಗೆ ತಿಂಗಳಾಗಿದ್ದಾಗ. ಆ ವಯಸ್ಸಿನಲ್ಲಿ ರಾಗಿ ಬಾಡುತ್ತದೆ, ಎಲೆ ಸುರುಳಿ ಸುತ್ತುತ್ತದೆ, ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಮಳೆ ಬಿದ್ದರೆ ಎರಡೇ ದಿನಕ್ಕೆ ಎದ್ದು ನಿಲ್ಲುತ್ತದೆ, ಬುಡದಿಂದ ಹೊಸ ತೆಂಡೆ, ಅಂದರೆ ಕವಲು, ಒಡೆಯುತ್ತದೆ. ರಾಗಿ ಬರ ತಡೆಯುತ್ತದೆ ಅಂತ ಹಿರಿಯರು ಹೇಳುವುದು ಈ ಗುಣಕ್ಕೆ. ಆ ಮಾತನ್ನು ನಾವು ಬೆಳೆಯ ಇಡೀ ಆಯಸ್ಸಿಗೆ ಹಬ್ಬಿಸಿಬಿಟ್ಟಿದ್ದೇವೆ. ಹೊಡೆ ಒಡೆದು ತೆನೆ ಹೊರಡುವಾಗ, ಹೂ ಕಟ್ಟುವಾಗ, ಹಾಲು ತುಂಬುವಾಗ ರಾಗಿಗೂ ತಾಳ್ಮೆ ಇಲ್ಲ. ಆಗ ಕಟ್ಟದೆ ಹೋದ ಕಾಳನ್ನು ಆಮೇಲೆ ಎಷ್ಟು ಮಳೆ ಬಂದರೂ ಕಟ್ಟಿಸಲು ಆಗುವುದಿಲ್ಲ. ಅಕ್ಟೋಬರ್ ಮಳೆ ನಿಮ್ಮ ಮೊತ್ತಕ್ಕೆ ಸೇರಿತು, ಹುಲ್ಲಿಗೆ ಸೇರಿತು, ಕಾಳಿಗೆ ಸೇರಲಿಲ್ಲ. ಆ ವರ್ಷ ಹುಲ್ಲು ಚೆನ್ನಾಗಿಯೇ ಆಗಿರಬೇಕು, ಅಲ್ವಾ?

"24 ದಿನ ಅಂದರೆ ದೊಡ್ಡದೇನಲ್ಲ, ಅದಕ್ಕೂ ಮುಂಚೆ ಅಷ್ಟು ಮಳೆ ಬಂದಿತ್ತಲ್ಲ" ಅಂತ ನೀವು ಕೇಳಬಹುದು. ಇಲ್ಲಿ ಮಣ್ಣಿನ ಲೆಕ್ಕ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಒಣಬೇಸಾಯದ ಅರ್ಧ ಕತೆ ಇಲ್ಲೇ ಇದೆ.

ನಮ್ಮ ಕೆಂಪು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರನ್ನು ಸುಮಾರು 70ರಿಂದ 100 ಮಿ.ಮೀ. ಹಿಡಿದಿಡುತ್ತದೆ. ನಿಮ್ಮ ಹೊಲದಲ್ಲಿ ಎರಡು ಅಡಿ ಕೆಳಗೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಪದರ, ಸಿಗುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಬೇರಿಗೆ ಸಿಗುವ ಮಣ್ಣು 60 ಸೆಂ.ಮೀ. ಅದರಲ್ಲಿ ಹೆಚ್ಚೆಂದರೆ 60 ಮಿ.ಮೀ. ನೀರು. ಅದಕ್ಕಿಂತ ಜಾಸ್ತಿ ಸುರಿದರೆ ತುಂಬಿದ ಚೊಂಬಿಗೆ ಇನ್ನೂ ನೀರು ಹೊಯ್ದ ಹಾಗೆ.

ಪೂರ್ತಿ ಬೆಳೆದ ರಾಗಿ ಹೂ ಕಟ್ಟುವ ಕಾಲದಲ್ಲಿ ದಿನಕ್ಕೆ 4ರಿಂದ 5 ಮಿ.ಮೀ. ನೀರು ಎಳೆಯುತ್ತದೆ. ಆ 60ರಲ್ಲಿ ಅರ್ಧದಷ್ಟು ಸುಲಭವಾಗಿ ಸಿಗುತ್ತದೆ. ಅದು ಆರೇಳು ದಿನಕ್ಕೆ ಮುಗಿಯುತ್ತದೆ. ಉಳಿದರ್ಧವನ್ನು ಮಣ್ಣು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬೇರು ಕಷ್ಟಪಟ್ಟು ಎಳೆಯಬೇಕು. ಗಿಡ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಕೈಬಿಗಿ ಹಿಡಿದು ಬದುಕುತ್ತದೆ. ಹೀಗೆ ಇನ್ನೊಂದು ವಾರ, ಹತ್ತು ದಿನ ದೂಡಬಹುದು. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ ನಿಜ. ಆದರೆ ಗಾಳಿಯಿಂದ ಊಟ ಬರುವುದೂ ಅದೇ ಬಾಗಿಲಿಂದ. ಹಾಗಾಗಿ ಅಡುಗೆಯೂ ನಿಲ್ಲುತ್ತದೆ. ಹೂವಿಗೆ, ಎಳೆ ಕಾಳಿಗೆ ಊಟ ಬೇಕಾಗಿರುವ ಹೊತ್ತಿನಲ್ಲೇ ಒಲೆ ಆರಿತು. ಸೆಪ್ಟೆಂಬರ್ 8ಕ್ಕೆ ನಿಮ್ಮ ಚೊಂಬು ತುಂಬಿಯೇ ಇತ್ತು ಅಂದುಕೊಂಡರೂ 22ನೇ ತಾರೀಖಿನ ಆಸುಪಾಸಿಗೆ ಅದು ತಳ ಕಂಡಿದೆ. ಇನ್ನೂ ಹತ್ತು ದಿನ ಬಾಕಿ ಇತ್ತು.

ಇದೇ ಲೆಕ್ಕವನ್ನು ವಿಜಯಪುರಕ್ಕೆ ತೆಗೆದುಕೊಂಡು ಹೋಗಿ ನೋಡಿ. ಅಲ್ಲಿಯ ಆಳವಾದ ಎರೆ ಮಣ್ಣು ಮೀಟರಿಗೆ 150ರಿಂದ 200 ಮಿ.ಮೀ. ಹಿಡಿಯುತ್ತದೆ. ನಮ್ಮದು ಚೊಂಬಾದರೆ ಅದು ಹಂಡೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮಳೆ ಬರದಿದ್ದರೂ ಹಂಡೆಯ ನೀರು ಕುಡಿದುಕೊಂಡೇ ಆ ಜೋಳ ಚಳಿಗಾಲ ಕಳೆದು ಕಾಳು ಕಟ್ಟುತ್ತದೆ. ಆ ಊರಿನವರಿಗೆ 24 ದಿನ ಮಳೆ ಇಲ್ಲ ಅಂದರೆ ನಕ್ಕುಬಿಡುತ್ತಾರೆ. ಆದರೆ ಅವರಿಗೆ ಬೇರೆ ಭಯ. ಬಿತ್ತುವ ಹೊತ್ತಿಗೆ ಹಂಡೆ ತುಂಬದಿದ್ದರೆ ಆ ವರ್ಷ ಮುಗಿಯಿತು. ನಮಗಿರುವ ಹಾಗೆ ಮುಂದಿನ ವಾರದ ಮಳೆ ಅನ್ನುವ ಆಸೆ ಅಲ್ಲಿಲ್ಲ. ಎರೆ ಸೀಮೆಯ ಸಲಹೆಯನ್ನು ಕೆಂಪು ನೆಲಕ್ಕೆ, ಇಲ್ಲಿಯದನ್ನು ಅಲ್ಲಿಗೆ ಹಾಕಬಾರದು ಅನ್ನುವುದು ಇದಕ್ಕೇ. ಫೋನಿನಲ್ಲಿ ಬರುವ ವಿಡಿಯೋಗಳಲ್ಲಿ ಮಣ್ಣು ಯಾವುದು ಅಂತ ಯಾರೂ ಹೇಳುವುದಿಲ್ಲ. ಅದೇ ನನ್ನ ತಕರಾರು.

ಈಗ ಆಗಸ್ಟ್ 11ರ ರಾತ್ರಿಗೆ ಬನ್ನಿ. ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು. ನಿಮ್ಮ ಎರಡು ಎಕರೆ ಮೇಲೆ 104 ಮಿ.ಮೀ. ಅಂದರೆ ಎಂಟು ಲಕ್ಷ ಲೀಟರ್‌ಗೂ ಜಾಸ್ತಿ. ಚೊಂಬು ಹಿಡಿಯುವುದೇ 60 ಮಿ.ಮೀ. ಅದು ಆಗಲೇ ಅರ್ಧ ತುಂಬಿತ್ತು. ಜೊತೆಗೆ ಕೆಂಪು ಮಣ್ಣು ಜೋರು ಹನಿ ಬಿದ್ದ ತಕ್ಷಣ ಮೇಲೆ ಹೆಪ್ಪುಗಟ್ಟುತ್ತದೆ, ನೀರು ಇಂಗುವುದಿಲ್ಲ. ಮೂರು ಪಾಲಿನಲ್ಲಿ ಎರಡು ಪಾಲು ಹಳ್ಳ ಹಿಡಿದಿರುತ್ತದೆ ಅಂತ ನನ್ನ ಅಂದಾಜು. ನಿಮ್ಮ ಎರಡು ವರ್ಷದ ಮೊತ್ತಗಳ ವ್ಯತ್ಯಾಸ 220 ಮಿ.ಮೀ. ಇದೆಯಲ್ಲ, ಅದರಲ್ಲಿ ಅರ್ಧದ ಹತ್ತಿರ ಈ ಒಂದೇ ರಾತ್ರಿಯದ್ದು. ಉಳಿದರ್ಧಕ್ಕಿಂತ ಜಾಸ್ತಿ ಅಕ್ಟೋಬರ್, ನವೆಂಬರ್‌ದು. ಹೀಗೆ ಕಳೆಯುತ್ತಾ ಹೋದರೆ ರಾಗಿಗೆ ನಿಜವಾಗಿ ಸಿಕ್ಕ ಮಳೆ ಚೆನ್ನಾಗಿ ಬೆಳೆದ ವರ್ಷಕ್ಕಿಂತ ಕಮ್ಮಿಯೇ.

ಆ ರಾತ್ರಿ ಇನ್ನೊಂದು ನಷ್ಟ ಆಗಿದೆ. ಮೂರು ದಿನ ಮೊದಲು ಯೂರಿಯಾ ಹಾಕಿದ್ದಿರಿ. ಅದರಲ್ಲಿ ಒಂದಷ್ಟು ನೀರಿನ ಜೊತೆ ಕೊಚ್ಚಿಕೊಂಡು, ಇನ್ನಷ್ಟು ಬೇರಿಗಿಂತ ಕೆಳಗೆ ಇಳಿದು ಹೋಗಿರುತ್ತದೆ. ಆಗಸ್ಟ್ 20ರ ಹೊತ್ತಿಗೆ "ಪೈರು ಹಳದಿ" ಅಂತ ಬರೆದಿದ್ದೀರಿ ನೋಡಿ. ನೀವು ಅದನ್ನು ನೀರು ನಿಂತಿದ್ದಕ್ಕೆ ಅಂದುಕೊಂಡಿದ್ದೀರಿ. ಅದೂ ಇರಬಹುದು. ಆದರೆ ಗೊಬ್ಬರ ಅದೇ ಹಾಕಿದೆ ಅನ್ನುವ ನಿಮ್ಮ ಮಾತು ಚೀಲದ ಲೆಕ್ಕದಲ್ಲಿ ಸರಿ, ಬೇರಿನ ಲೆಕ್ಕದಲ್ಲಿ ಸರಿ ಅಲ್ಲ.

ಇನ್ನು ಬಿಸಿಲಿನ ವಿಚಾರ. ಟೀವಿಯವರು ಹೇಳಿದ ಹತ್ತು ಪರ್ಸೆಂಟ್ ಸುಳ್ಳಲ್ಲ. ಅದು ಯಾವ ಬೆಳೆಯದು, ಎಲ್ಲಿಯದು ಅಂತ ಹೇಳಲಿಲ್ಲ, ಅಷ್ಟೇ. ಫಿಲಿಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯ ಹೊಲಗಳ ಇಳುವರಿಯನ್ನೂ 1979ರಿಂದ 2003ರವರೆಗಿನ ಹವಾಮಾನದ ದಾಖಲೆಯನ್ನೂ ಸೇರಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಣಕಾಲದ ಭತ್ತದಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಒಂದು ಡಿಗ್ರಿ ಏರಿದರೆ ಇಳುವರಿ ಹತ್ತು ಪರ್ಸೆಂಟ್ ಇಳಿದಿತ್ತು. ಗಮನಿಸಿ, ಹಗಲಿನ ಬಿಸಿಲಲ್ಲ, ರಾತ್ರಿಯ ಸೆಕೆ. ಗಿಡ ಹಗಲು ದುಡಿದಿದ್ದರಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಡುತ್ತಾ ಖರ್ಚು ಮಾಡುತ್ತದೆ. ರಾತ್ರಿ ಸೆಕೆ ಜಾಸ್ತಿ ಆದರೆ ಖರ್ಚೂ ಜಾಸ್ತಿ. ನೀರಿಗೆ ಕೊರತೆಯೇ ಇಲ್ಲದ ಭತ್ತದ ಗದ್ದೆಯ ಮಾತು ಅದು. ನಿಮ್ಮ ರಾಗಿ ಹೊಲಕ್ಕೆ ಆ ಅಂಕಿಯನ್ನು ಹಾಗೇ ಎತ್ತಿ ಹಾಕಲಾಗದು.

ಜಗತ್ತಿನ ಸರಾಸರಿಯ ಲೆಕ್ಕಗಳೂ ಇವೆ. 2017ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಒಂದು ಡಿಗ್ರಿಗೆ ಗೋಧಿ 6, ಭತ್ತ 3.2, ಮುಸುಕಿನ ಜೋಳ 7.4 ಪರ್ಸೆಂಟ್ ಇಳಿಯುತ್ತದೆ ಅಂತ ಬಂತು. ರಾಗಿ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಮುದ್ದೆಗೆ ಜಗತ್ತಿನ ಪಂಕ್ತಿಯಲ್ಲಿ ಎಲೆ ಹಾಕುವವರು ಕಮ್ಮಿ.

ರಾಗಿ ಸ್ವಭಾವದಲ್ಲಿ ಬಿಸಿಲಿನ ಮಗು. ಜೋಳ, ಮುಸುಕಿನ ಜೋಳ, ಕಬ್ಬು ಇದ್ದಾವಲ್ಲ, ಅದೇ ಜಾತಿಯ ಎಲೆ ಇದಕ್ಕೂ. ಭತ್ತ, ಗೋಧಿಗಿಂತ ಕಡಿಮೆ ನೀರಿನಲ್ಲಿ, ಹೆಚ್ಚು ಬಿಸಿಲಿನಲ್ಲಿ ದುಡಿಯುವ ಎಲೆ. ಸರಾಸರಿ 26ರಿಂದ 29 ಡಿಗ್ರಿ ಅಂದರೆ ಅದಕ್ಕೆ ಹಿತ. ಹಗಲು 36 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಕಾಳು ಕಟ್ಟುವುದು ಕಡಿಮೆಯಾಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್‌ನಲ್ಲಿ 36 ಎಲ್ಲಿ ಬರುತ್ತದೆ? ಸಾಮಾನ್ಯವಾಗಿ 29, 30. ಹಾಗಾಗಿ ಬಿಸಿಲು ನೇರವಾಗಿ ನಿಮ್ಮ ರಾಗಿಯ ಹೂ ಸುಟ್ಟಿತು ಅಂತ ನಾನು ಹೇಳಲಾರೆ. ಬೋರ್‌ವೆಲ್ ನೀರಲ್ಲಿ ಬೇಸಿಗೆ ರಾಗಿ ಹಾಕುವವರು ಮಾತ್ರ ಆ ಭಯ ಇಟ್ಟುಕೊಳ್ಳಬೇಕು.

ಹಾಗಂತ ಬಿಸಿ ನಿರಪರಾಧಿ ಅಲ್ಲ. ಅದು ಬೇರೆ ದಾರಿಯಲ್ಲಿ ಬಂದಿದೆ. ಒಂದು ಘನ ಮೀಟರ್ ಗಾಳಿ 28 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 27 ಗ್ರಾಂ ನೀರಿನ ಆವಿ ಹಿಡಿಯಬಲ್ಲದು. 32 ಡಿಗ್ರಿಯಲ್ಲಿ ಸುಮಾರು 34 ಗ್ರಾಂ. ಗಾಳಿಯಲ್ಲಿ ಆಗಲೇ 18 ಗ್ರಾಂ ಆವಿ ಇದೆ ಅಂದುಕೊಳ್ಳಿ. 28 ಡಿಗ್ರಿಯಲ್ಲಿ ಇನ್ನು 9 ಗ್ರಾಂಗೆ ಜಾಗ ಇದೆ. 32 ಡಿಗ್ರಿಯಲ್ಲಿ 16 ಗ್ರಾಂಗೆ. ನಾಲ್ಕು ಡಿಗ್ರಿಗೆ ಗಾಳಿಯ ದಾಹ ಹೆಚ್ಚುಕಮ್ಮಿ ಎರಡು ಪಟ್ಟು ಹತ್ತಿರ ಹೋಯಿತು. ಆ ದಾಹ ತೀರುವುದು ಎಲೆಯಿಂದ, ಮಣ್ಣಿನಿಂದ. ಎರಡು ವಾರ ಬರಬೇಕಾದ ಚೊಂಬಿನ ನೀರು ಹತ್ತೇ ದಿನಕ್ಕೆ ಮುಗಿಯುವುದು ಹೀಗೆ.

ಇದರಲ್ಲಿ ಇನ್ನೊಂದು ಸುಳಿ ಇದೆ. ನೆಲದಲ್ಲಿ ಹಸಿ ಇದ್ದಾಗ ಸೂರ್ಯನ ಶಾಖದಲ್ಲಿ ದೊಡ್ಡ ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಸಿ ಮುಗಿದ ಮೇಲೆ ಅದೇ ಶಾಖ ಗಾಳಿಯನ್ನೂ ಎಲೆಯನ್ನೂ ಕಾಯಿಸುತ್ತದೆ. ಮಳೆ ನಿಂತಿದ್ದಕ್ಕೆ ಬಿಸಿ ಏರುತ್ತದೆ, ಬಿಸಿ ಏರಿದ್ದಕ್ಕೆ ಉಳಿದ ಹಸಿ ಬೇಗ ಆರುತ್ತದೆ. ಇವೆರಡನ್ನೂ ಬೇರೆ ಬೇರೆ ಅಂತ ಕೂತು ಅಳೆಯುವುದು ನಮ್ಮಂಥವರಿಗೂ ಕಷ್ಟ. ಮುಂದಿನ ಸಲ ಹೀಗೆ ಬಿಡುವು ಬಿದ್ದಾಗ ಮಧ್ಯಾಹ್ನ ಎರಡು ಗಂಟೆಗೆ ಹೊಲಕ್ಕೆ ಹೋಗಿ ಎಲೆ ಮುಟ್ಟಿ ನೋಡಿ. ನೀರು ಸಿಗುತ್ತಿರುವ ಪೈರಿನ ಎಲೆ ಬಿಸಿಲಲ್ಲೂ ತಂಪಾಗಿರುತ್ತದೆ. ಬಾಯಾರಿದ ಎಲೆ ಬೆಚ್ಚಗಿರುತ್ತದೆ, ಜ್ವರ ಬಂದವರ ಕೈ ಹಾಗೆ.

ಬಿಸಿಗೆ ಇನ್ನೊಂದು ಕೆಲಸ ಇದೆ, ಗಡಿಯಾರ ತಿರುಗಿಸುವುದು. ಬೆಳೆ ದಿನ ಎಣಿಸುವುದಿಲ್ಲ, ಶಾಖ ಎಣಿಸುತ್ತದೆ. ದಿನದ ಸರಾಸರಿ ತಾಪಮಾನದಲ್ಲಿ ಹತ್ತು ಡಿಗ್ರಿ ಕಳೆದು ಉಳಿದಿದ್ದನ್ನು ದಿನಾ ಕೂಡಿಸುತ್ತಾ ಹೋಗುವುದು ಒಂದು ಸರಳ ಲೆಕ್ಕ. ಒಂದು ಬೆಳೆಗೆ ಹಣ್ಣಾಗಲು ಅಂಥ 1,600 ಬೇಕು ಅಂತ ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಸರಾಸರಿ 24 ಡಿಗ್ರಿ ಇದ್ದರೆ ದಿನಕ್ಕೆ 14ರಂತೆ 114 ದಿನ. 25 ಇದ್ದರೆ 107 ದಿನ. ಒಂದು ಡಿಗ್ರಿಗೆ ಒಂದು ವಾರ ಹೋಯಿತು. ಬೇಗ ಹಣ್ಣಾದರೆ ಒಳ್ಳೆಯದಲ್ವಾ ಅನ್ನಿಸಬಹುದು. ಆದರೆ ಹೋದ ಆ ವಾರದಲ್ಲಿ ಎಲೆ ಬಿಸಿಲು ತಿಂದು ಕಾಳಿಗೆ ಇಳಿಸಬೇಕಿತ್ತು. ಕಾಳು ಸಣ್ಣದಾಗುವುದು, ಜಳ್ಳು ಜಾಸ್ತಿಯಾಗುವುದು ಹೀಗೆ. 2022ರ ಮಾರ್ಚ್‌ನಲ್ಲಿ ಉತ್ತರ ಭಾರತದ ಗೋಧಿಗೆ ಆಗಿದ್ದು ಇದೇ. 1901ರಿಂದ ದಾಖಲೆ ಇರುವ ಅಷ್ಟೂ ವರ್ಷಗಳಲ್ಲಿ ಹಗಲಿನ ಗರಿಷ್ಠ ತಾಪಮಾನದ ಲೆಕ್ಕದಲ್ಲಿ ದೇಶಕ್ಕೆ ಅದಕ್ಕಿಂತ ಬಿಸಿ ಮಾರ್ಚ್ ಬಂದಿರಲಿಲ್ಲ. ಗೋಧಿ ಹಾಲು ತುಂಬುವ ಹೊತ್ತಿಗೆ ಸೆಕೆ ಹೊಡೆಯಿತು, ಕಾಳು ಸೊರಗಿತು. ಮೇ ತಿಂಗಳಲ್ಲಿ ಸರಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಆ ಗೋಧಿಯ ಬಹುಪಾಲಿಗೆ ನೀರಾವರಿ ಇತ್ತು ಅನ್ನುವುದನ್ನು ಮರೆಯಬೇಡಿ. ನೀರು ಕೊಟ್ಟರೂ ಗಡಿಯಾರ ನಿಲ್ಲುವುದಿಲ್ಲ.

ಭತ್ತದ ಕತೆಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ, ನಿಮ್ಮ ಭಾವನವರು ಸಿಂಧನೂರು ಕಡೆ ಗದ್ದೆ ಮಾಡುತ್ತಾರೆ ಅಂತ ಬರೆದಿದ್ದೀರಿ. ಭತ್ತದ ಹೂ ಅರಳುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಒಳಗೆ. ಒಂದೊಂದು ಹೂ ಬಾಯಿ ತೆರೆದಿರುವುದು ಒಂದು ಗಂಟೆಯೋ ಸ್ವಲ್ಪ ಜಾಸ್ತಿಯೋ. ಆ ಹೊತ್ತಿನಲ್ಲಿ 35 ಡಿಗ್ರಿ ದಾಟಿದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಕಾಳು ಜಳ್ಳಾಗುತ್ತದೆ. ಬೇಸಿಗೆ ಭತ್ತ ತಡವಾಗಿ ನಾಟಿ ಮಾಡಿದರೆ ಹೂ ಏಪ್ರಿಲ್ ಬಿಸಿಲಿಗೆ ಸಿಗುತ್ತದೆ. ತೀರಾ ಮುಂಚೆ ಮಾಡಿದರೆ ಸಸಿಮಡಿ ಡಿಸೆಂಬರ್ ಚಳಿಗೆ ಸಿಕ್ಕಿ ಹಳದಿಯಾಗುತ್ತದೆ. ಎರಡರ ನಡುವೆ ಇರುವ ಕಿಂಡಿ ಸಣ್ಣದು. ದಾವಣಗೆರೆ, ಹಾವೇರಿಯ ಮುಸುಕಿನ ಜೋಳದ್ದು ಇನ್ನೊಂದು ಬಗೆ. ಬರ ಬಿದ್ದರೆ ಮೇಲೆ ಸೂಲಂಗಿ, ಅಂದರೆ ಗಂಡು ಹೂ, ಹೊತ್ತಿಗೆ ಸರಿಯಾಗಿ ಬರುತ್ತದೆ, ಕೆಳಗೆ ತೆನೆಯ ರೇಷ್ಮೆ ಎಳೆ ತಡವಾಗಿ ಬರುತ್ತದೆ. ಗಂಡು ಬಂದು ಹೋದ ಮೇಲೆ ಹೆಣ್ಣು ಮಂಟಪಕ್ಕೆ ಬಂದ ಹಾಗೆ. ಹಲ್ಲುದುರಿದ ಬಾಯಿಯಂಥ ತೆನೆ ನೋಡಿದ್ದೀರಲ್ಲ, ಅದೇ ಇದು.

ಮತ್ತೆ ನಿಮ್ಮ ಹಾಳೆಗೆ. ಕೊನೆಯ ಏಟು ನವೆಂಬರ್‌ನದು. ಕೊಯ್ದು ಹಾಸಿದ ರಾಗಿ ಏಳು ದಿನ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ, ಕಪ್ಪಾಗುತ್ತದೆ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲಾ ಕಡೆ ಇದೇ ಆಯಿತು. ಬೆಳೆ ಕಣ್ಣ ಮುಂದೆ ಇತ್ತು, ಕೈಗೆ ಬರಲಿಲ್ಲ. ಎರಡೇ ವರ್ಷಕ್ಕೆ, 2023ರಲ್ಲಿ, ಇದರ ತದ್ವಿರುದ್ಧ. ದೇಶಕ್ಕೇ ಅದು 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಏಳು ಪರ್ಸೆಂಟ್ ಜಾಸ್ತಿ ಆವಿ ಹಿಡಿಯುತ್ತದೆ. ಸುರಿಯುವಾಗ ಒಟ್ಟಿಗೆ ಸುರಿಯುವುದು, ನಡುವೆ ಉದ್ದ ಬಿಡುವು ಬೀಳುವುದು, ಎರಡಕ್ಕೂ ಇದು ದಾರಿ ಮಾಡುತ್ತದೆ. ನಿಮ್ಮ ಹಾಳೆಯಲ್ಲಿ 104 ಮಿ.ಮೀ. ರಾತ್ರಿಯೂ 24 ದಿನದ ಬಿಡುವೂ ಒಂದೇ ವರ್ಷ ಬಂದಿದ್ದು ನನಗೇನೂ ಆಶ್ಚರ್ಯ ತರಲಿಲ್ಲ.

ಬೆಂಕಿ ರೋಗ ಬಂದಿತ್ತಾ ಅಂತ ಕೇಳಿದ್ದೀರಿ. ಮೋಡ, ತುಂತುರು, ಎಲೆ ಒಣಗದ ದಿನಗಳು ಸಾಲಾಗಿ ಬಂದರೆ ಅದು ಬರುತ್ತದೆ. ನಿಮಗೆ ತೆನೆ ಹೊರಟಾಗ ಇದ್ದಿದ್ದು ಒಣ ಹವೆ. ಜಿಪಿಯು-28 ಆ ರೋಗವನ್ನು ಚೆನ್ನಾಗಿ ತಡೆಯುವ ತಳಿ ಕೂಡ. ಅದನ್ನು ಬಿಟ್ಟುಬಿಡಿ.

ಈಗ ಮುಂದೇನು ಮಾಡಬಹುದು? ಮೊದಲನೆಯದು ಬಿತ್ತನೆ ದಿನ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಹಿಂದಿನವರು ರಾಗಿಯ ಹೊಡೆಯನ್ನು ಆ ಮಳೆಗೆ ಹೊಂದಿಸಿಯೇ ಬಿತ್ತುತ್ತಿದ್ದರು. ನೀವೂ ಅದನ್ನೇ ಮಾಡಿದ್ದೀರಿ. ಜುಲೈ 14 ತಪ್ಪು ದಿನ ಅಲ್ಲ. ಹತ್ತು ವರ್ಷದಲ್ಲಿ ಏಳೆಂಟು ವರ್ಷ ಅದು ಕೈಹಿಡಿಯುತ್ತದೆ ಅಂತ ನನ್ನ ಅನುಭವ. ಆದರೆ ಎರಡೂ ಎಕರೆಯನ್ನು ಒಂದೇ ದಿನ, ಒಂದೇ ತಳಿ ಬಿತ್ತಿದ್ದೀರಿ. ಹಾಗೆ ಮಾಡಿದರೆ ಇಡೀ ಹೊಲ ಒಂದೇ ವಾರ ಹೂವಿಗೆ ಬರುತ್ತದೆ. ಆ ವಾರ ಕೆಟ್ಟರೆ ಎಲ್ಲಾ ಕೆಟ್ಟಿತು. ಒಂದು ಎಕರೆಗೆ ಜಿಪಿಯು-28, ಇನ್ನೊಂದಕ್ಕೆ ಹತ್ತು ಹನ್ನೆರಡು ದಿನ ಬಿಟ್ಟು ಬೇರೆ ಅವಧಿಯ ತಳಿ ಹಾಕಿದರೆ ಬಿಡುವು ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ.

ತಳಿಯನ್ನು ದಿನ ನೋಡಿ ಆರಿಸಿ. ಎಂ.ಆರ್-1, ಎಂ.ಆರ್-6ರಂಥ 120 ದಿನದವು ಜೂನ್‌ನಲ್ಲಿ, ತಪ್ಪಿದರೆ ಜುಲೈನಲ್ಲಿ ಬಿತ್ತಬೇಕು. ಜಿಪಿಯು-28, ಎಂ.ಎಲ್-365 ಜುಲೈನವು, ಆಗಸ್ಟ್ ಮೊದಲ ಪಕ್ಷಕ್ಕೂ ಆದೀತು. ಅದಕ್ಕಿಂತ ತಡ ಆದರೆ ಇಂಡಾಫ್-9, ಜಿಪಿಯು-48ರಂಥ 95, 100 ದಿನದವಕ್ಕೆ ಹೋಗಿ. ಇಂಡಾಫ್ ಅಂದರೆ ಇಂಡಿಯಾ, ಆಫ್ರಿಕಾ ಎರಡು ಹೆಸರು ಕೂಡಿಸಿದ್ದು. ಮಂಡ್ಯದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತನ ಮಾಡಿಸಿದ್ದರ ಫಲ ಆ ತಳಿಗಳು.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವರ್ಷ ಜುಲೈ ಪೂರ್ತಿ ಒಣಗಿತು. ಆಗಸ್ಟ್ 10ರ ಆಸುಪಾಸಿಗೆ ಹದ ಆಯಿತು. ಅಪ್ಪ ಕಡಿಮೆ ಅವಧಿಯ ತಳಿ ಹಾಕೋಣ ಅಂದರು. ಉದ್ದ ಅವಧಿಯದು ಜಾಸ್ತಿ ಇಳುವರಿ ಕೊಡುತ್ತದೆ ಅಂತ ನಾನು ಹಟ ಹಿಡಿದು ಅದನ್ನೇ ಹಾಕಿಸಿದೆ. ತೆನೆ ಹೊರಡುವ ಹೊತ್ತಿಗೆ ಮಳೆ ಮುಗಿದಿತ್ತು. ಕಾಳು ತುಂಬುವ ಹೊತ್ತಿಗೆ ರಾತ್ರಿ ಚಳಿ ಶುರುವಾಗಿತ್ತು, ಅದೂ ರಾಗಿಗೆ ಆಗಿಬರುವುದಿಲ್ಲ. ಎಕರೆಗೆ ಎರಡು ಕ್ವಿಂಟಲ್ ದಾಟಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಆದರೆ ಆ ವರ್ಷ ಪೂರ್ತಿ ಮನೆಗೆ ಬಂದವರಿಗೆಲ್ಲ "ನಮ್ಮ ಹುಡುಗ ಕೃಷಿ ಓದಿದ್ದಾನೆ" ಅಂತ ಸುಮ್ನೆ ಪರಿಚಯ ಮಾಡಿಸುತ್ತಿದ್ದರು.

ಎರಡನೆಯದು ಚೊಂಬನ್ನು ಸ್ವಲ್ಪ ದೊಡ್ಡದು ಮಾಡುವುದು. ಮಾಗಿ ಉಳುಮೆ ಮಾಡಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕೊಟ್ಟಿಗೆ ಗೊಬ್ಬರ ಸಾಧ್ಯವಾದಷ್ಟು ಹಾಕಿ. ಎಡೆಕುಂಟೆ ಹೊಡೆಯುವುದು ಬರೀ ಕಳೆಗೆ ಅಂದುಕೊಳ್ಳಬೇಡಿ. ಮೇಲಿನ ಹೆಪ್ಪು ಒಡೆದರೆ ಮುಂದಿನ ಮಳೆ ಒಳಗೆ ಇಳಿಯುತ್ತದೆ, ಮೇಲೆ ಪುಡಿಮಣ್ಣು ಇದ್ದರೆ ಕೆಳಗಿನ ಹಸಿ ಬೇಗ ಆರುವುದಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ಒಂದು ಕಾಲುವೆ ಎಳೆಯುವುದು ಬೆಂಗಳೂರಿನ ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ಯೋಜನೆಯವರ ಹಳೆಯ ಶಿಫಾರಸು. ಇದು ನನಗೆ ತುಂಬಾ ಇಷ್ಟ. ಕಾಲುವೆ ಜೋರು ಮಳೆಯ ನೀರನ್ನು ತಡೆದು ಇಂಗಿಸುತ್ತದೆ. ತೊಗರಿಯ ಬೇರು ಆಳಕ್ಕೆ ಹೋಗುತ್ತದೆ, ಅದರ ಹೂವಿನ ಕಾಲ ರಾಗಿಯದಕ್ಕಿಂತ ಆಚೆ. ನಿಮ್ಮ ರಾಗಿಗೆ ದಕ್ಕದ ಅಕ್ಟೋಬರ್ ಮಳೆ ತೊಗರಿಗಾದರೂ ದಕ್ಕುತ್ತಿತ್ತು.

ಕೃಷಿ ಹೊಂಡ ತೆಗೆಸಲಾ ಅಂತ ಕೇಳಿದ್ದೀರಿ. ಲೆಕ್ಕ ಹಾಕಿ ನೋಡೋಣ. ಹೂ ಕಟ್ಟುವಾಗ ಒಂದೇ ಒಂದು ಸಲ 25 ಮಿ.ಮೀ. ನೀರು ಕೊಟ್ಟಿದ್ದರೆ ನಿಮ್ಮ ಕತೆ ಬೇರೆ ಆಗುತ್ತಿತ್ತು. ಎರಡು ಎಕರೆಗೆ ಅದು ಎರಡು ಲಕ್ಷ ಲೀಟರ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಹೊಂಡ ಗೋಡೆ ನೆಟ್ಟಗಿದ್ದರೆ ಮೂರು ಲಕ್ಷ ಲೀಟರ್ ಹಿಡಿಯುತ್ತದೆ. ಇಳಿಜಾರು ಬಿಡಲೇಬೇಕಾದ್ದರಿಂದ ಅದಕ್ಕಿಂತ ಸಾಕಷ್ಟು ಕಮ್ಮಿ. ಕೆಂಪು ಮಣ್ಣಿನಲ್ಲಿ ತಳಕ್ಕೆ ಹೊದಿಕೆ ಇಲ್ಲದಿದ್ದರೆ ನೀರು ಒಂದೆರಡು ವಾರ ನಿಂತರೆ ಹೆಚ್ಚು. ಹಾಗಾಗಿ ಹೊದಿಕೆ ಹಾಕಿಸುವ ದುಡ್ಡು ಇದ್ದರೆ ಮಾತ್ರ ತೆಗೆಸಿ. ಎರಡೂ ಎಕರೆಗೆ ಸಾಲದಿದ್ದರೆ ಒಂದು ಎಕರೆಗೆ ಸರಿಯಾಗಿ ಕೊಡಿ, ಎರಡಕ್ಕೂ ಚಿಮುಕಿಸಬೇಡಿ. ಸೆಪ್ಟೆಂಬರ್‌ವರೆಗೂ ಆ ನೀರನ್ನು ಬೇರೆ ಯಾವುದಕ್ಕೂ ಮುಟ್ಟದೆ ಇಟ್ಟುಕೊಳ್ಳುವುದು ಹೊಂಡ ತೋಡುವುದಕ್ಕಿಂತ ಕಷ್ಟ, ಅದನ್ನೂ ಹೇಳಿಬಿಡುತ್ತೇನೆ.

ಯೂರಿಯಾವನ್ನು ಒಂದೇ ಸಲ ಮೇಲುಗೊಬ್ಬರ ಕೊಡುವ ಬದಲು ಎರಡು ಕಂತಿನಲ್ಲಿ ಕೊಡಿ. ಜೋರು ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ.

ಇನ್ನು ನಿಮ್ಮ ಪುಸ್ತಕದಲ್ಲಿ ಒಂದು ಹೊಸ ಸಾಲು ಸೇರಿಸಿ: ಕಳೆದ ಸಲ 10 ಮಿ.ಮೀ. ದಾಟಿದ ಮಳೆ ಬಂದು ಎಷ್ಟು ದಿನ ಆಯಿತು. ಹವಾಮಾನ ಇಲಾಖೆ 2.5 ಮಿ.ಮೀ. ಬಂದರೆ ಮಳೆ ದಿನ ಅನ್ನುತ್ತದೆ. ಅವರ ಲೆಕ್ಕಕ್ಕೆ ಅದು ಸರಿ. ಆದರೆ ಬೆಳೆದು ನಿಂತ ರಾಗಿಗೆ ಮೂರು ಮಿ.ಮೀ. ಎಲೆ ಒದ್ದೆ ಮಾಡಿ ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಈ ಸಾಲಿನಲ್ಲಿ ಅಂಕಿ 8 ಮುಟ್ಟಿದರೆ ಕಣ್ಣಿಡಿ. 12 ಮುಟ್ಟಿದಾಗ ಪೈರು ಹೊಡೆಯಲ್ಲಿದ್ದರೆ ಹೊಂಡಕ್ಕೆ ಪಂಪ್ ಹೂಡಿ. ನಿಮ್ಮ ಪಂಚಾಯಿತಿಯ ಮಳೆ ಅಂಕಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರೂ ಅಳೆಯುತ್ತಾರೆ, ಅದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಎರಡು ಕಿಲೋಮೀಟರ್‌ಗೆ ಮಳೆ ಎಷ್ಟು ಬೇರೆ ಆಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಮಾಪಕದ ಫೋಟೋ ನೋಡಿದೆ. ಹೊಂಗೆ ಮರದ ಬುಡದಲ್ಲಿ ಇಟ್ಟಿದ್ದೀರಿ. ನೆರಳಿಗೆ ಅಂತ ಇರಬೇಕು. ಕೊಂಬೆ ಒಂದಷ್ಟು ಮಳೆಯನ್ನು ತಡೆಯುತ್ತದೆ, ಮಳೆ ನಿಂತ ಮೇಲೂ ಎಲೆಯ ಹನಿ ತೊಟ್ಟಿಕ್ಕುತ್ತಿರುತ್ತದೆ. ಮರದ ಎತ್ತರದ ಎರಡರಷ್ಟು ದೂರಕ್ಕೆ, ಬಯಲಿಗೆ ಅದನ್ನು ತನ್ನಿ. ಬಾಯಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಇರಲಿ, ಸುತ್ತ ಕುರಿ ಮೇಕೆ ಬರದ ಹಾಗೆ ನಾಲ್ಕು ಗೂಟ ಹೊಡೆದು ತಂತಿ ಕಟ್ಟಿ. ದಿನಾ ಬೆಳಿಗ್ಗೆ ಎಂಟೂವರೆಗೇ ನೋಡಿ. ಇಷ್ಟು ವರ್ಷದ ಅಂಕಿಗಳು ಹಾಳಾದವು ಅಂತ ಬೇಜಾರು ಮಾಡಿಕೊಳ್ಳಬೇಡಿ, ಬಿಡುವು ಎಣಿಸಲು ಅವು ಈಗಲೂ ಸಾಕು.